ನಾಲ್ಕನೆಯ ಬೆಳಗಿನ ಪಯಣಿಗರು

ಬಂಗಾರಪೇಟೆಯಲ್ಲಿ ರೈಲ್ವೆ ಸ್ಟೇಷನ್ನಿಗೆ ಬೆನ್ನು ಮಾಡಿ ನಿಂತಿರುವ ಹಳೆಯ ಛತ್ರದಿಂದ ಪ್ರತಿ ನಾಲ್ಕನೆಯ ಬೆಳಗ್ಗೆ ಒಂದು ಮೆರವಣಿಗೆ ಹೊರಡುತ್ತಿತ್ತು. ಬೆಳಗಿನ ಗಂಜಿ ಮುಗಿದ ಮೇಲೆ ಹತ್ತು ಹನ್ನೆರಡು ಮಂದಿ ಮುದುಕರು, ಮುದುಕಿಯರು ತಮ್ಮ ತಮ್ಮ ಬಟ್ಟೆಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಸಾಲಾಗಿ ನಡೆಯುವರು. ರೈಲ್ವೆ ಗೇಟು ದಾಟುವರು. ಆಚೆ ಒಂದು ಹೊಂಗೆ ಮರ. ಅದರ ಕೆಳಗೆ ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕೂತು, ಎದ್ದು, ಬಂದ ದಾರಿಯಲ್ಲೇ ವಾಪಸ್ಸು ಬರುವರು. ಅವರನ್ನು ಕರೆದುಕೊಂಡು ಹೋದ ಮನುಷ್ಯ ಮಾತ್ರ ಬರುವಾಗ ಬಿರಬಿರನೆ ಹೆಜ್ಜೆ ಹಾಕಿ ಎಲ್ಲರಿಗಿಂತ ಮುಂಚೆ ಬಂದು, ಛತ್ರದ ಬಾಗಿಲಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತುಬಿಡುವರು. ಆಮೇಲೆ ಒಬ್ಬೊಬ್ಬರನ್ನೂ, ಜನ್ಮದಲ್ಲಿ ಈ ಮುಖ ನೋಡಿಲ್ಲ ಎಂಬ ಹಾಗೆ, ತಲೆಯೆತ್ತಿ ಕೇಳುವರು:

“ಎಲ್ಲಿಂದ ಬಂದ್ರಿ?”

“ಮಾಲೂರು ಕಡೆಯಿಂದ ಸಾಮಿ.”

“ಎಷ್ಟು ದಿನ ಇರ್ತೀರಿ?”

“ಮೂರು ರಾತ್ರಿ.”

“ಸರಿ, ಒಳಗೆ ಓಗಿ. ಕಾಲು ತೊಳ್ಕಳಿ.”

ಆ ಮನುಷ್ಯ ಹೋದ ತಿಂಗಳು ತೀರಿಕೊಂಡರು. ಅವರನ್ನು ಬಲ್ಲ ಪೇಟೆಯ ಜನ ಈಗ “ಎಂಥ ಧರ್ಮಾತ್ಮ” ಎನ್ನುತ್ತಿದ್ದಾರೆ. ಬದುಕಿದ್ದಾಗ ಇದೇ ಜನ “ತಲೆ ಸರಿ ಇಲ್ಲ” ಎನ್ನುತ್ತಿದ್ದರು. ಎರಡು ಮಾತಿಗೂ ನನ್ನ ಆಕ್ಷೇಪಣೆ ಇದೆ. ಧರ್ಮಾತ್ಮ ಎಂದು ಯಾರಾದರೂ ಎದುರಿಗೆ ಅಂದಿದ್ದರೆ ಬೈದು ಕಳಿಸುತ್ತಿದ್ದರು. ತಲೆಯಂತೂ ನನಗೆ ಗೊತ್ತಿರುವ ಯಾರ ತಲೆಗಿಂತಲೂ ನೆಟ್ಟಗಿತ್ತು. ಅವರ ಜೊತೆ ನಾನು ಒಂದು ವಾದ ಮಾಡಿ ಗೆದ್ದಿದ್ದೆ. ಆ ಗೆಲುವು ಏನು ಮಾಡಿತು ಎಂಬುದನ್ನು ಬಿಟ್ಟು ಅವರ ಬಗ್ಗೆ ಬೇರೇನು ಬರೆದರೂ ಅದು ಅರ್ಧ ಮಾತಾಗುತ್ತದೆ. ಅರ್ಧ ಮಾತಿನ ಅಪಾಯ ನನಗೆ ಈಗ ಚೆನ್ನಾಗಿ ಗೊತ್ತು.

ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

ಆಗ ನಾನು ಕಾಲೇಜಿನ ಎರಡನೇ ವರ್ಷದಲ್ಲಿದ್ದೆ. ಚರ್ಚಾಸ್ಪರ್ಧೆ ಎಂದರೆ ಊಟ ಬಿಡುತ್ತಿದ್ದೆ. ಹೈಸ್ಕೂಲಿನಲ್ಲಿ ನಮ್ಮನ್ನು ಪಳಗಿಸಿದ ಮೇಷ್ಟ್ರು ಒಂದು ವಿದ್ಯೆ ಹೇಳಿಕೊಟ್ಟಿದ್ದರು: ಎದುರಾಳಿಯ ಹತ್ತು ಮಾತಿಗೂ ಉತ್ತರ ಕೊಡಲು ಹೋಗಬೇಡ, ಅದರಲ್ಲಿ ಸುಳ್ಳಾದ ಒಂದನ್ನು ಹುಡುಕು, ಅದನ್ನೇ ಹಿಡಿದು ಜಗ್ಗು, ಉಳಿದ ಒಂಬತ್ತೂ ತಾವಾಗಿ ಬೀಳುತ್ತವೆ. ಆ ವರ್ಷದ ವಿಷಯ, ಬಡವರ ಛತ್ರಗಳು ಬಡವರನ್ನು ಬಡವರಾಗಿಯೇ ಉಳಿಸುತ್ತವೆ ಎಂಬುದು. ನಾನು ಪರ. ವಿಷಯ ಕೊಟ್ಟವರು ಏನು ಯೋಚಿಸಿದ್ದರೋ, ನಾನಂತೂ ಅದನ್ನು ಮನಸಾರೆ ನಂಬಿದ್ದೆ.

ನಂಬಿದರೆ ಸಾಲದು, ಸಾಕ್ಷ್ಯ ಬೇಕು. ನಮ್ಮ ಸೀಮೆಯಲ್ಲಿ ಬಡವರಿಗೆಂದು ಕಟ್ಟಿದ ಮನೆಗಳು ಎಲ್ಲೆಲ್ಲಿದ್ದವು, ಈಗ ಏನಾಗಿವೆ ಎಂದು ಹುಡುಕುತ್ತಾ ಹೊರಟೆ. ಆಂಡರ್ಸನ್‌ಪೇಟೆಯಲ್ಲಿ ಹಿಂದೆ ಬರಗಾಲದಲ್ಲಿ ಗಂಜಿ ಹೊಯ್ಯುತ್ತಿದ್ದ ಕೊಟ್ಟಿಗೆ ಸೌದೆ ಡಿಪೋ ಆಗಿತ್ತು. ರಾಬರ್ಟ್‌ಸನ್‌ಪೇಟೆಯಲ್ಲಿ, ಗಣಿಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರಿಗೆಂದು ಯಾರೋ ಬಿಟ್ಟುಹೋಗಿದ್ದ ಎರಡು ಅಂಕಣದ ಮನೆಯಲ್ಲಿ ಸೈಕಲ್ ಬಾಡಿಗೆ ಅಂಗಡಿ ಇತ್ತು. ಆ ಹೆಂಗಸರು ಎಲ್ಲಿ ಹೋದರು ಎಂದು ಕೇಳಿದರೆ ಅಂಗಡಿಯವನು ಟ್ಯೂಬಿಗೆ ಗಾಳಿ ಒತ್ತುತ್ತಾ, “ಇದ್ರಂತೆ, ನಮ್ಮಪ್ಪನ ಕಾಲದಾಗೆ. ಆಮ್ಯಾಕೆ ಇರ್ಲಿಲ್ಲವಂತೆ” ಎಂದ. ನಮ್ಮ ಸೀಮೆಯ ಧರ್ಮದ ಇತಿಹಾಸವನ್ನು ಅಷ್ಟು ಚಿಕ್ಕದಾಗಿ ಯಾರೂ ಹೇಳಲಾರರು.

ಉಳಿದಿದ್ದದ್ದು ಬಂಗಾರಪೇಟೆಯ ಛತ್ರ ಒಂದೇ. ರೈಲು ಬಂದ ಹೊಸತರಲ್ಲಿ ಚಿನ್ನದ ಗಣಿಗೆ ಕೂಲಿ ಹುಡುಕಿಕೊಂಡು ಮದರಾಸು ಸೀಮೆಯಿಂದ, ಆಂಧ್ರದ ಕಡೆಯಿಂದ ಬರುವ ಜನ ಗಾಡಿ ಬದಲಾಯಿಸಲು ಇಲ್ಲಿ ಇಳಿಯುತ್ತಿದ್ದರು. ಅವರು ಪ್ಲಾಟ್‌ಫಾರಂ ಮೇಲೆ ಮಲಗುವುದನ್ನು ನೋಡಲಾರದೆ ಒಬ್ಬ ವರ್ತಕ ಕಟ್ಟಿಸಿದ್ದಂತೆ. ನಾನು ಹೋಗುವ ಹೊತ್ತಿಗೆ ಅಲ್ಲಿದ್ದವರು ಗಣಿಗೆ ಹೋಗುವವರಲ್ಲ, ಗಣಿಯಿಂದ ಬಂದವರು. ಎದೆಗೂಡಿನಲ್ಲಿ ಕಲ್ಲಿನ ಧೂಳು ತುಂಬಿಕೊಂಡು ಕೆಲಸ ಹೋದವರು, ಕೆಲಸದ ಜೊತೆಗೆ ಗಣಿಯವರು ಕೊಟ್ಟ ಲೈನುಮನೆಯನ್ನೂ ಬಿಟ್ಟವರು, ಅಂಥವರ ವಿಧವೆಯರು.

ಬಾಗಿಲ ಪಕ್ಕದ ಜಗಲಿಯ ಮೇಲೆ ಒಂದು ಕಲ್ಲು ನಿಂತಿತ್ತು. ಸುಣ್ಣ ಕೆರೆದು ಓದಿದೆ. “ದೂರದಿಂದ ಬರುವ ಬಡವರಿಗೆ ಈ ಮನೆಯಲ್ಲಿ ನೆರಳೂ ಎರಡು ಹೊತ್ತು ಗಂಜಿಯೂ ಉಂಟು. ಜಾತಿ ಕೇಳತಕ್ಕದ್ದಲ್ಲ. ಯಾರೂ ಮೂರು ರಾತ್ರಿಗೆ ಮೇಲೆ ಇರತಕ್ಕದ್ದಲ್ಲ.” ಅಷ್ಟೇ. ಕಟ್ಟಿಸಿದವನ ಹೆಸರೇ ಇಲ್ಲ. ದಾನದ ಕಲ್ಲಿನಲ್ಲಿ ದಾನಿಯ ಹೆಸರಿಲ್ಲದಿರುವುದು ವಿಚಿತ್ರ ಅನ್ನಿಸಬೇಕಾಗಿತ್ತು. ಅನ್ನಿಸಲಿಲ್ಲ. ನನಗೆ ಬೇಕಾದ ಸಾಲು ಸಿಕ್ಕಿತ್ತಲ್ಲ.

“ಏನ್ ಬರ್ಕಂತಾ ಇದ್ದೀಯ ಲಾಯರಪ್ಪಾ?” ಎಂದು ಬೆನ್ನ ಹಿಂದೆ ದನಿ ಬಂತು.

“ನಾನು ಲಾಯರಲ್ಲ, ಓದ್ತಾ ಇದ್ದೀನಿ.”

“ಕೈನಾಗೆ ಪೆನ್ನು, ಮುಖದಾಗೆ ಜಗಳ. ಲಾಯರೇ ಬಿಡು.”

ಆವತ್ತಿನಿಂದ ನಾನು ಲಾಯರಪ್ಪನಾದೆ. ಕುಳ್ಳು ಮೈ, ಕತ್ತಿನ ನರ ಉಬ್ಬಿದ, ಐವತ್ತು ದಾಟಿದ ಮನುಷ್ಯ. ಒಗೆದೂ ಒಗೆದೂ ಬಣ್ಣ ಬಿಟ್ಟ ಖಾಕಿ ಅಂಗಿ. ಯಾರೊಡನೆ ಮಾತಾಡುತ್ತಿದ್ದರೂ ಅವರ ಕಣ್ಣು ಎದುರಿನವರ ಮುಖದ ಮೇಲಿರದೆ ಪಡಸಾಲೆಯ ಗೋಡೆಗೆ ಹೋಗಿ ಬರುತ್ತಿತ್ತು. ಅಲ್ಲಿ ಒಂದು ಹಲಗೆ. ಹಲಗೆಯಲ್ಲಿ ಮೊಳೆಗಳು, ಮೊಳೆಗೊಂದು ತಗಡಿನ ಬಿಲ್ಲೆ, ಬಿಲ್ಲೆಗೊಂದು ನಂಬರು. ಛತ್ರದಿಂದ ಹೊರಗೆ ಹೋಗುವವರು ತಮ್ಮ ಬಿಲ್ಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಬೇಕು, ಬಂದಮೇಲೆ ಅದೇ ಮೊಳೆಗೆ ಹಾಕಬೇಕು. ಇದು ಅವರು ಗಣಿಯಿಂದ ತಂದ ಪದ್ಧತಿ. ಅಲ್ಲಿ ಅವರು ಕೆಳಗೆ ಇಳಿಯುವ ಶಾಫ್ಟಿನ ಬಾಯಲ್ಲಿ ಬಿಲ್ಲೆ ಕೊಡುವ ಕೆಲಸದಲ್ಲಿದ್ದವರು. ಪಾಳಿ ಮುಗಿದ ಮೇಲೆ ಖಾಲಿ ಉಳಿದ ಮೊಳೆ ಎಂದರೆ ಕೆಳಗೆ ಉಳಿದ ಮನುಷ್ಯ. ಸಂಜೆ ದೀಪ ಹಚ್ಚುವ ಮುಂಚೆ ಛತ್ರದ ಹಲಗೆಯ ಮುಂದೆ ನಿಂತು, ಒಂದೊಂದೇ ಬಿಲ್ಲೆಯನ್ನು ಬೆರಳ ತುದಿಯಿಂದ ಮುಟ್ಟಿ, “ಎಲ್ಲಾ ಮೇಲೆ ಬಂದವ್ರೆ” ಎಂದು ತಮಗೆ ತಾವೇ ಹೇಳಿಕೊಳ್ಳುವರು. ಅದಾಗದೆ ಅವರು ಗಂಜಿಗೆ ಕೂತದ್ದನ್ನು ನಾನು ನೋಡಿಲ್ಲ.

ಕರುಣೆ ಎಂದರೆ ಅವರಿಗೆ ಆಗುತ್ತಿರಲಿಲ್ಲ. ರಾಬರ್ಟ್‌ಸನ್‌ಪೇಟೆಯ ಜವಳಿ ವ್ಯಾಪಾರಿಯೊಬ್ಬರು ಹುಟ್ಟಿದ ಹಬ್ಬಕ್ಕೆ ಪಾಯಸದ ಕೊಳದಪ್ಪಲೆ ತಂದು ತಾವೇ ಬಡಿಸುತ್ತೇನೆಂದು ನಿಂತರು. ಜೊತೆಗೆ ಫೋಟೋದವನು. ಮೇಸ್ತ್ರಿ ಒಂದು ಎಲೆ ತಂದು ಸಾಲಿನ ನಡುವೆ ಹಾಸಿದರು.

“ಕೂತ್ಕಳಿ ಸಾಮಿ.”

“ನಾನು ಬಡಿಸೋಕೆ ಬಂದಿರೋದು.”

“ಬಡಿಸಿ. ಆಮೇಲೆ ಇವರ ಜೊತೆ ಕೂತು ಉಣ್ಣಿ. ಇಲ್ಲಿ ಬಡಿಸಿದೋರು ಉಂಡೇ ಓಗ್ಬೇಕು. ಇಲ್ದಿದ್ರೆ ಇವ್ರು ನಿಮ್ಮ ಮನೇಗೆ ಬಂದು ಬಡಿಸ್ಬೇಕಾಯ್ತದೆ, ದೂರ ಬ್ಯಾರೆ.”

ವ್ಯಾಪಾರಿ ಅತ್ತಿತ್ತ ನೋಡಿ ಕೂತರು. ಫೋಟೋದವನು ಕ್ಯಾಮೆರಾ ಎತ್ತಲಿಲ್ಲ. ನನಗೆ ಮೇಸ್ತ್ರಿ ಹಿಡಿಸಿದ್ದು ಆವತ್ತು.

ಹಿಡಿಸಿದರೂ ವಾದ ಬಿಡಲಿಲ್ಲ. ನಾಲ್ಕನೆಯ ಬೆಳಗಿನ ನಾಟಕ ನೋಡಿದ ಮೇಲಂತೂ ನಾನು ಸುಮ್ಮನಿರುವುದು ಸಾಧ್ಯವೇ ಇರಲಿಲ್ಲ. ಮೂರು ರಾತ್ರಿಯ ನಿಯಮವನ್ನು ಕಾಯುತ್ತಿದ್ದವರು ಕಟ್ಟಿಸಿದವನ ಮೊಮ್ಮಕ್ಕಳು, ಛತ್ರದ ಧರ್ಮದರ್ಶಿಗಳು. ವರ್ಷಕ್ಕೊಮ್ಮೆ ಬಂದು ಪುಸ್ತಕ ತಿರುವಿ ಹೋಗುವರು. ಸ್ಟೇಷನ್ ಪಕ್ಕದ ಜಾಗ. ನಿಯಮ ಮೀರಿ ಒಬ್ಬರು ಉಳಿದದ್ದು ಕಂಡರೂ ಸಾಕು, ಮುಚ್ಚಿ ಅಂಗಡಿಸಾಲು ಎಬ್ಬಿಸಲು ನೆಪ ಸಿಗುತ್ತಿತ್ತು. ಅದಕ್ಕೇ ಈ ಮುದುಕರು ಪ್ರತಿ ನಾಲ್ಕನೆಯ ಬೆಳಗ್ಗೆ ಊರು ಬಿಟ್ಟು ಹೋಗಿ, ಹೊಸ ಪಯಣಿಗರಾಗಿ ಬರುತ್ತಿದ್ದರು.

“ಇದು ಮೋಸ ಅಲ್ವಾ ಮೇಸ್ತ್ರಿ?” ಎಂದೆ.

“ಎಂಗೆ ಮೋಸ? ಮನೆ ಬಿಟ್ರಾ? ಬಿಟ್ರು. ರೈಲು ದಾಟಿದ್ರಾ? ದಾಟಿದ್ರು. ವಾಪಸ್ ಬಂದ್ರಾ? ಬಂದ್ರು. ನಾನು ನಡೀದಲೇ ನಡೆದ್ರು ಅಂತ ಬರೆಯಲ್ಲ. ಅದಕ್ಕೇ ನಡೆಸ್ತೀನಿ.”

“ಊರಿನ ಹೆಸರು?”

“ಹುಟ್ಟಿದ ಊರು ಹೇಳ್ತಾರೆ. ಅಲ್ಲಿಂದ ತಾನೇ ಬಂದಿರೋದು? ಸುಳ್ಳೆಲ್ಲಿ?”

ಒಂಬತ್ತನೇ ಬಿಲ್ಲೆಯ ತಮಿಳು ತಾತ ಒಮ್ಮೆ ಬೇಕೆಂದೇ “ಲಂಡನ್‌ಲೇರುಂದು ವಂದೇನ್” ಎಂದುಬಿಟ್ಟ, ಲಂಡನ್ನಿನಿಂದ ಬಂದೆ ಎಂದು. ಸಾಲಿಗೆ ಸಾಲೇ ನಕ್ಕಿತು. ಮೇಸ್ತ್ರಿ ಪೆನ್ನು ಕೆಳಗಿಟ್ಟರು. “ಲಂಡನ್ನಿಂದ ಈ ಹೊತ್ತಿಗೆ ಗಾಡಿ ಇಲ್ಲ. ನಿಮ್ಮವ್ವ ಹೆತ್ತ ಊರು ಹೇಳು, ಇಲ್ಲಾಂದ್ರೆ ಗಂಜಿ ಇಲ್ಲ.” ತಾತ ತನ್ನ ಊರು ಹೇಳುವ ತನಕ ಸಾಲು ಬಿಸಿಲಲ್ಲಿ ನಿಂತಿತ್ತು.

ಏಳನೇ ಬಿಲ್ಲೆಯ ಅಜ್ಜಿ ಮಾತ್ರ ಕೇಳುವ ಮುಂಚೆಯೇ ಹೇಳಿಬಿಡುತ್ತಿದ್ದಳು: “ಬೂದಿಕೋಟೆ.” ಅದು ಅವಳ ತವರು. ಮದುವೆಯಾಗಿ ಗಣಿಯ ಲೈನಿಗೆ ಬಂದಮೇಲೆ ಒಮ್ಮೆಯೂ ಹಿಂದಿರುಗಿ ಹೋಗಲಿಲ್ಲವಂತೆ. ಗಂಡ ಕೆಮ್ಮಿ ಕೆಮ್ಮಿ ಸತ್ತ. ಬೂದಿಕೋಟೆ ಅನ್ನುವಾಗ ಅವಳ ದನಿ ಏರುತ್ತಿತ್ತು, ಅಲ್ಲಿ ಅವಳಿಗೆ ದೊಡ್ಡ ಜಮೀನಿದ್ದ ಹಾಗೆ.

ನಾನು ವಾದ ಗೆದ್ದ ಬೆಳಗನ್ನು ಹೇಳುತ್ತೇನೆ. ಚಳಿಗಾಲ. ಸ್ಪರ್ಧೆಗೆ ಒಂದು ವಾರವಿತ್ತು. ಛತ್ರಕ್ಕೆ ಹೋದಾಗ ಎಲ್ಲರೂ ಹೊಂಗೆ ಮರಕ್ಕೆ ಹೋಗಿದ್ದರು. ಹಲಗೆಯ ಮೇಲೆ ಹನ್ನೊಂದು ಮೊಳೆ ಖಾಲಿ. ಒಂದರಲ್ಲಿ ಮಾತ್ರ ಬಿಲ್ಲೆ ನೇತಾಡುತ್ತಿತ್ತು. ಏಳು. ಒಳಗೆ ಮಂಚದ ಮೇಲೆ ಅಜ್ಜಿ ಮಲಗಿದ್ದಳು. ತಿಂಗಳ ಹಿಂದೆ ಬಿದ್ದು ಸೊಂಟ ಮುರಿದಿತ್ತು. ಸ್ವಲ್ಪ ಹೊತ್ತಿಗೆ ಸಾಲು ಬಂತು, ಪ್ರಶ್ನೆ ಆಯಿತು, ಉತ್ತರ ಆಯಿತು. ಎಲ್ಲ ಒಳಗೆ ಹೋದಮೇಲೆ ಮೇಸ್ತ್ರಿ ಬೇಗ ಬೇಗ ಇನ್ನೊಂದು ಸಾಲು ಬರೆದರು. ಭುಜದ ಮೇಲಿಂದ ಓದಿದೆ. ಏಳು, ಬೂದಿಕೋಟೆಯಿಂದ ಬಂದರು.

ಸುಳ್ಳಾದ ಒಂದು ಮಾತು ಸಿಕ್ಕಿತ್ತು.

“ಮೇಸ್ತ್ರಿ, ಏಳನೇ ನಂಬರಿನವರು ಇವತ್ತು ಆಚೆ ಹೋಗಿದ್ರಾ?”

ಅವರು ಪುಸ್ತಕ ಮುಚ್ಚಿದರು. “ಬರ್ದದಲ್ಲ.”

“ಬರೆದಿದೆ. ಹೋಗಿದ್ರಾ ಅಂತ ಕೇಳ್ತಿದ್ದೀನಿ.”

“ಎದ್ದು ಕೂರಕ್ಕಾಗಲ್ಲ. ಎಲ್ಲಿ ಓಗ್ತಾಳೆ?”

“ಹಾಗಾದ್ರೆ ಸುಳ್ಳು.”

“ಊಂ.”

“ಒಂದು ಸುಳ್ಳಾದ್ರೆ ಇಡೀ ಪುಸ್ತಕ ಸುಳ್ಳು ಮೇಸ್ತ್ರಿ. ನಾಳೆ ಧರ್ಮದರ್ಶಿ ಬಂದು ಕೇಳಿದ್ರೆ, ಉಳಿದ ಹನ್ನೊಂದು ಜನ ನಿಜವಾಗಿ ನಡೆದ್ರು ಅಂತ ಹೇಗೆ ತೋರಿಸ್ತೀರಿ? ಒಬ್ಬರಿಗೆ ಸುಳ್ಳು ಬರೆದ ಕೈ ಹನ್ನೆರಡು ಜನಕ್ಕೂ ಬರೀಬಹುದು. ಒಂದೋ ಎಲ್ಲರಿಗೂ ಸುಳ್ಳು ಬರೆದು ಈ ಮುದುಕರನ್ನ ನೆಮ್ಮದಿಯಾಗಿ ಕೂರಿಸಿ. ಇಲ್ಲ, ಎಲ್ಲರಿಗೂ ನಿಜಾನೇ ಬರೀರಿ. ಇವೆರಡರ ನಡುವೆ ನಿಲ್ಲೋಕೆ ಜಾಗ ಇಲ್ಲ.”

ಒಳಗಿಂದ ಅಜ್ಜಿಯ ದನಿ ಬಂತು, ಮಗನನ್ನು ಕರೆಯುವ ಹಾಗೆ. “ನಾಯ್ನಾ, ಒಂದ್ ಲೋಟ ಮಜ್ಜಿಗೆ ಕುಡ್ದು ಮಾತಾಡು. ಗಂಟ್ಲು ಒಣಗ್ತದೆ.”

ಮೇಸ್ತ್ರಿ ಎದ್ದು ಹಲಗೆಯ ಹತ್ತಿರ ಹೋಗಿ ಏಳನೇ ಬಿಲ್ಲೆಯನ್ನು ಬೆರಳಲ್ಲಿ ಹಿಡಿದು ನಿಂತರು. ನಾನು ಬೈಗುಳ ನಿರೀಕ್ಷಿಸಿದ್ದೆ, ಎದುರು ವಾದ ನಿರೀಕ್ಷಿಸಿದ್ದೆ. “ನೀನು ಹೇಳಾದು ಸರಿ” ಎಂದರು. ನಾನು ಅಜ್ಜಿಯ ಮಜ್ಜಿಗೆ ಕುಡಿದು, ಖುಷಿಯಾಗಿ ಮನೆಗೆ ಬಂದೆ.

ಸ್ಪರ್ಧೆಯಲ್ಲೂ ಗೆದ್ದೆ. ಛತ್ರದ ಹೆಸರು ಹೇಳಲಿಲ್ಲ, ಆ ಮರ್ಯಾದೆ ಇಟ್ಟುಕೊಂಡಿದ್ದೆ. ಹದಿನೈದು ದಿನದ ಮೇಲೆ ಬಹುಮಾನದ ಬಟ್ಟಲನ್ನು ಮೇಸ್ತ್ರಿಗೆ ತೋರಿಸೋಣವೆಂದು ಹೋದರೆ ಅವರು ಬಾಗಿಲಲ್ಲಿರಲಿಲ್ಲ. ಹಲಗೆಯಲ್ಲಿ ಏಳನೇ ಮೊಳೆ ಖಾಲಿ. ಜಗಲಿಯ ಮೇಲೆ ಒಂಬತ್ತನೇ ಬಿಲ್ಲೆಯ ತಾತ ಬಿಸಿಲು ಕಾಯಿಸುತ್ತಿದ್ದ. ನಡೆದದ್ದನ್ನು ಹೇಳಿದವನು ಅವನೇ.

“ನೀ ಬಂದು ಹೋದ ಮೇಲೆ ನಾಕನೇ ದಿನ, ತಂಬಿ. ಮಂಜು ಅಂದ್ರೆ ಮಂಜು, ಗೇಟೇ ಕಾಣ್ತಿರ್ಲಿಲ್ಲ. ಮೇಸ್ತ್ರಿ ಅಜ್ಜೀನ ಕಂಬಳಿನಾಗೆ ಸುತ್ತಿ ಬೆನ್ನ ಮ್ಯಾಲೆ ಹಾಕ್ಕಂಡ. ನಾವು ಎಲ್ಲಾ ಬ್ಯಾಡ ಅಂದ್ವಿ. ‘ಬರ್ದಿದ್ದು ಸುಳ್ಳಾಗ್ಬಾರ್ದು’ ಅಂದ. ಅಜ್ಜಿ ಹೋಗ್ವಾಗ ಅಯ್ಯೋ ಅಂದ್ಲು, ಆಮೇಲೆ ಸುಮ್ನಾದ್ಲು. ಮರದ ಕೆಳಗೆ ಎಲ್ರಂಗೆ ಕೂರಿಸ್ದ. ವಾಪಸ್ ತಂದು ಬಾಗಿಲಲ್ಲಿ ಇಳಿಸಿ, ಪುಸ್ತಕ ತಗಂಡು ಕೂತು, ‘ಎಲ್ಲಿಂದ ಬಂದ್ರಿ’ ಅಂತ ಕೇಳ್ದ. ಕಣ್ಣಾಗೆ ನೀರು, ಅವನಿಗೆ. ಅಜ್ಜಿ ನಗ್ತಾಳೆ. ‘ಬೂದಿಕೋಟೆಯಿಂದ ನಾಯ್ನಾ, ಗಾಡಿ ಸುಖವಾಗಿತ್ತು’ ಅಂದ್ಲು.”

ಆ ಸಂಜೆ ಜ್ವರ ಬಂತು. ಐದನೆಯ ದಿನ ಅಜ್ಜಿ ಸತ್ತಳು.

ಬಟ್ಟಲು ನನ್ನ ಕೈಚೀಲದಲ್ಲೇ ಇತ್ತು. ತಾತ ಅದನ್ನು ನೋಡಲಿಲ್ಲ. ಅವನು ಇನ್ನೊಂದು ವಿಷಯ ಹೇಳಿದ. ಮೇಸ್ತ್ರಿ ಗಣಿಯಲ್ಲಿದ್ದಾಗ ಅವರ ಗೆಳೆಯನೊಬ್ಬ, ಕೆಳಗೇ ಒಂದಿಷ್ಟು ಮಲಗಿ ಮುಂದಿನ ಪಾಳಿಯವರ ಜೊತೆ ಬರುತ್ತೇನೆಂದು ಹೇಳಿ, ತನ್ನ ಬಿಲ್ಲೆಯನ್ನು ಇನ್ನೊಬ್ಬನ ಕೈಲಿ ಮೇಲೆ ಕಳಿಸಿದನಂತೆ. ಗೊತ್ತಿದ್ದೂ ಮೇಸ್ತ್ರಿ ಅದನ್ನು ಮೊಳೆಗೆ ಹಾಕಿದರು. ಆಮೇಲೆ ಕೆಳಗೆ ಬಂಡೆ ಸಿಡಿಯಿತು. ಮೇಸ್ತ್ರಿ ಆ ಹೊತ್ತಿಗೆ ಮನೆ ಸೇರಿದ್ದರು. ಹಲಗೆ ನೋಡಿದರೆ ಎಲ್ಲ ಮೊಳೆಯಲ್ಲೂ ಬಿಲ್ಲೆ ಇದೆ. ಯಾರೂ ಹುಡುಕಲಿಲ್ಲ. ಅವರು ಓಡಿಬಂದು ಹೇಳುವಷ್ಟರಲ್ಲಿ ತಡವಾಗಿತ್ತು. ಅವರು ಗಣಿ ಬಿಟ್ಟದ್ದು ಅದಕ್ಕೆ.

ಇದು ನಿಜವೋ ಎಂದು ಮೇಸ್ತ್ರಿಯನ್ನು ನಾನು ಕೇಳಲಿಲ್ಲ. ಬೇರೆ ಸಾಕ್ಷ್ಯ ನನ್ನ ಹತ್ತಿರ ಇಲ್ಲ. ಆದರೆ ಇದು ನಿಜವಾಗಿದ್ದರೆ, ಸುಳ್ಳು ಬಿಲ್ಲೆಯೊಂದು ಏನು ಮಾಡುತ್ತದೆಂದು ಬಲ್ಲ ಮನುಷ್ಯ ಅಜ್ಜಿಗಾಗಿ ಪುಸ್ತಕದಲ್ಲಿ ಮತ್ತೊಂದು ಸುಳ್ಳು ಬರೆದಿದ್ದರು. ಅದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕಾಗಿತ್ತೋ. ನಾನು ಹೋಗಿ ಅದನ್ನು ತರ್ಕದಿಂದ ಕಿತ್ತುಹಾಕಿದೆ.

ನನ್ನ ಪರವಾಗಿಯೂ ವಾದಿಸಿ ನೋಡಿದ್ದೇನೆ. ಅಜ್ಜಿಗೆ ವಯಸ್ಸಾಗಿತ್ತು. ಸೊಂಟ ಮುರಿದ ಮುದುಕರು ಹೆಚ್ಚು ದಿನ ಉಳಿಯುವುದಿಲ್ಲ. ಮಂಜಿನಲ್ಲಿ ಹೋದದ್ದಕ್ಕೇ ಜ್ವರ ಬಂತೆಂದು ಸಾಬೀತು ಮಾಡಲಾಗದು. ಹೊತ್ತುಕೊಂಡು ಹೋಗಿ ಎಂದು ನಾನು ಹೇಳಿರಲಿಲ್ಲ, ಎರಡು ದಾರಿ ತೋರಿಸಿದ್ದೆ, ಆರಿಸಿದವರು ಅವರು. ಯಾವ ತೀರ್ಪುಗಾರರ ಮುಂದೆ ಇಟ್ಟರೂ ನಾನು ಗೆಲ್ಲುತ್ತೇನೆ. ಮಜ್ಜಿಗೆಯ ಲೋಟ ನೆನಪಾಗುವವರೆಗೆ ಗೆಲ್ಲುತ್ತೇನೆ.

ಮೇಸ್ತ್ರಿ ನನ್ನನ್ನು ದೂರಲಿಲ್ಲ. ಸಿಕ್ಕಾಗ “ಲಾಯರಪ್ಪಾ, ಊಟ ಆಯ್ತಾ” ಎನ್ನುವುದೂ ನಿಲ್ಲಲಿಲ್ಲ. ಅದೇ ನನಗೆ ಕಷ್ಟವಾಗಿ ಛತ್ರಕ್ಕೆ ಹೋಗುವುದು ಕಡಿಮೆ ಮಾಡಿದೆ.

ಓದು ಮುಗಿಯಿತು. ನಾನೀಗ ರಾಬರ್ಟ್‌ಸನ್‌ಪೇಟೆಯ ಒಂದು ಶಾಲೆಯಲ್ಲಿ ಮೇಷ್ಟ್ರು. ಎರಡು ವರ್ಷದ ಹಿಂದೆ ಮೇಸ್ತ್ರಿಯ ಕಣ್ಣಿಗೆ ಪೊರೆ ಬಂದು ಪುಸ್ತಕ ಬರೆಯುವುದು ಆಗದಾಯಿತು. ಧರ್ಮದರ್ಶಿಗಳು ಹೊಸ ಗುಮಾಸ್ತನನ್ನು ಹಾಕಿದರು. ಮೇಸ್ತ್ರಿಗೆ ಮನೆಯಿಲ್ಲ, ಮಠವಿಲ್ಲ. ತಾವೇ ಕಾದ ಛತ್ರದಲ್ಲಿ ತಾವೇ ಪಯಣಿಗರಾದರು. ಪ್ರತಿ ನಾಲ್ಕನೆಯ ಬೆಳಗ್ಗೆ ಗಂಟು ಹಿಡಿದು ಗೇಟು ದಾಟುವರು, ಬಂದು ಬಾಗಿಲಲ್ಲಿ ನಿಂತು ತಮ್ಮ ಊರಿನ ಹೆಸರು ಹೇಳುವರು. ಅದು ಮುಳಬಾಗಿಲ ಕಡೆಯ ಒಂದು ಹಳ್ಳಿ. ಗುಮಾಸ್ತ ತಲೆಯೆತ್ತದೆ ಬರೆದುಕೊಂಡರೆ, “ಮುಖ ನೋಡ್ಕಂಡ್ ಕೇಳಪ್ಪಾ” ಎಂದು ಗದರುವರು.

ಈ ವರ್ಷ ಅವರ ಕಾಲು ಸೋತು ನಡಿಗೆ ನಿಂತಿತು. ಕಾಯಿಲೆ ಎಂದು ತಿಳಿದು ನೋಡಲು ಹೋದೆ. ಬಾಗಿಲ ಮುಂದೆ ಕೆಲಸದವರು ಚರಂಡಿಗೆಂದು ಜಗಲಿ ಒಡೆದು ತೋಡಿದ್ದರು. ಶಾಸನದ ಕಲ್ಲು ಎಂದಿಗಿಂತ ಎತ್ತರವಾಗಿ ಕಂಡಿತು. ಹತ್ತಿರ ಹೋದೆ. ಕಲ್ಲು ಬೆಳೆದಿರಲಿಲ್ಲ, ನೆಲ ಇಳಿದಿತ್ತು. ಯಾವ ಕಾಲದಲ್ಲೋ ಜಗಲಿ ಎತ್ತರಿಸಿದಾಗ ಕಲ್ಲಿನ ಕಾಲುಭಾಗ ಒಳಗೆ ಸೇರಿಹೋಗಿತ್ತು. ಮಣ್ಣು ಮೆತ್ತಿದ ಭಾಗದಲ್ಲೂ ಅಕ್ಷರಗಳಿದ್ದವು.

“ಯಾರದು, ಲಾಯರಪ್ಪನಾ? ಹೆಜ್ಜೆ ಸದ್ದು ಅಂಗೇ ಅದೆ” ಎಂದು ಒಳಗಿಂದ ಮೇಸ್ತ್ರಿ ಕೂಗಿದರು. “ಕಲ್ಲಿನ ಕೆಳಗೆ ಇನ್ನಾ ಬರ್ದದಂತೆ. ಗುಮಾಸ್ತಂಗೆ ಹಳೇ ಬರವಣಿಗೆ ತಿಳಿಯಲ್ಲ. ಏನದೆ ಓದ್ಬಿಟ್ಟು ಬಾ.”

ನಾನು ಕೂತು ಮಣ್ಣು ಒರೆಸಿದೆ. “ನಡೆಯಲಾರದವರು ಮಾತ್ರ ಜೀವ ಇರುವ ತನಕ ಇರತಕ್ಕದ್ದು. ಅವರನ್ನು ಎಬ್ಬಿಸತಕ್ಕದ್ದಲ್ಲ.” ಅದರ ಕೆಳಗೆ ಕಟ್ಟಿಸಿದವನ ಹೆಸರು.

ಇದನ್ನು ಓದಿ ಹೇಳಿದರೆ ಮೇಸ್ತ್ರಿ ಇನ್ನು ಮಂಚ ಬಿಟ್ಟು ಏಳಬೇಕಾಗಿಲ್ಲ. ಧರ್ಮದರ್ಶಿಯಲ್ಲ, ಯಾರೂ ಅವರನ್ನು ಅಲುಗಿಸಲಾರರು. ಆದರೆ ಇದನ್ನು ಓದಿ ಹೇಳಿದರೆ, ಅಜ್ಜಿಯನ್ನೂ ಯಾರೂ ಅಲುಗಿಸಬೇಕಾಗಿರಲಿಲ್ಲ ಎಂಬುದು ಅವರಿಗೆ ತಿಳಿಯುತ್ತದೆ. ಬರೀ ದಾನಿಯ ಹೆಸರಿದೆ ಎಂದುಬಿಡಬಹುದಾಗಿತ್ತು. ಪೊರೆ ಬಂದ ಕಣ್ಣಿಗೆ ಅದೇ ನಿಜ. ಒಮ್ಮೆ ಅರ್ಧ ಕಲ್ಲು ಓದಿ ವಾದ ಮಾಡಿದ್ದೆ. ಇನ್ನೊಮ್ಮೆ ಅರ್ಧ ಓದುವ ಧೈರ್ಯ ಬರಲಿಲ್ಲ. ಒಳಗೆ ಹೋಗಿ ಪೂರ್ತಿ ಹೇಳಿದೆ.

ಮೇಸ್ತ್ರಿಯ ಬೆರಳು ಮಂಚದ ಹಗ್ಗದ ಗಂಟುಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋಯಿತು.

“ಇನ್ನೊಂದ್ ಸಲ ಹೇಳು.”

ಹೇಳಿದೆ.

“ಜಗಲಿ ಎತ್ತರ ಮಾಡಿದ್ದು ನಾನು ಬರಕ್ ಮುಂಚೆ.”

“ಹೌದು ಮೇಸ್ತ್ರಿ. ನಿಮಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.”

“ಗೊತ್ತಿರ್ಲಿಲ್ಲ ಅಂದ್ರೆ ಮುಗೀತಾ ಲಾಯರಪ್ಪಾ?” ಅದು ಚುಚ್ಚುಮಾತಲ್ಲ. ನನ್ನ ಹತ್ತಿರ ಉತ್ತರ ಇದ್ದೀತೆಂದು ನಿಜವಾಗಿಯೇ ಕೇಳಿದರು. ಆಮೇಲೆ, “ನಾಳೆ ನಾಕನೇ ದಿನ. ನೀನೇ ಬಾ. ಗುಮಾಸ್ತಂದು ಬಲ ಇಲ್ದಿರೋ ಬೆನ್ನು, ನನ್ನ ಬೀಳಿಸ್ತಾನೆ” ಎಂದರು.

“ನೀವು ಹೋಗಬೇಕಾಗಿಲ್ಲ. ಕಲ್ಲೇ ಹೇಳ್ತಿದೆ.”

“ಆಯಮ್ಮಂಗೆ ಹೇಳ್ಲಿಲ್ಲ. ಅವಳ್ನ ಹೊತ್ಕಂಡೋದೋನು ನಾನು ಮಂಚದ ಮ್ಯಾಲೆ ಕೂತು ಗಂಜಿ ಕುಡೀಲಾ? ಹೇಳು. ನಿನ್ ತಾವ ಮಾತಿದ್ರೆ ಹೇಳು.”

ಮಾತಿತ್ತು. ನೀವು ಹೋಗುವುದರಿಂದ ಸತ್ತವಳಿಗೆ ಏನಾಗುತ್ತದೆ, ಒಂದು ತಪ್ಪಿಗೆ ಇನ್ನೊಂದು ತಪ್ಪು ಪರಿಹಾರವಲ್ಲ, ಇಂಥವು ಹತ್ತಿದ್ದವು. ಒಂದನ್ನೂ ಆಡಲಿಲ್ಲ.

ಬೆಳಿಗ್ಗೆ ಹೋದೆ. ಅವರೇ ತಡವಿ ತಮ್ಮ ಬಿಲ್ಲೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಬೆನ್ನಿಗೆ ಹಾಕಿಕೊಂಡಾಗ ಭಾರವೇ ಇರಲಿಲ್ಲ, ಉಸಿರಿನ ಸದ್ದು ಮಾತ್ರ ಕಿವಿಯ ಪಕ್ಕ. ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ ಹೋಗುವ ತನಕ ನಿಂತೆವು. ಉಳಿದ ಮುದುಕರು ನಮ್ಮ ಹಿಂದೆ ಸಾಲಾಗಿ ನಿಂತರು, ಯಾರೂ ತಮಾಷೆ ಮಾಡಲಿಲ್ಲ. ಹೊಂಗೆ ಮರದ ಕೆಳಗೆ ಇಳಿಸಿದಾಗ ಮೇಸ್ತ್ರಿ ಬುಡವನ್ನು ಕೈಯಿಂದ ಸವರಿ, “ಇಲ್ಲೇ ಒರಗಿಸಿದ್ದೆ” ಎಂದರು.

ವಾಪಸ್ಸು ಬಂದು ಬಾಗಿಲಲ್ಲಿ ಇಳಿಸಿದೆ. ನನ್ನ ಭುಜ ಹಿಡಿದು ನಿಂತರು. ಗುಮಾಸ್ತ ಪುಸ್ತಕ ತೆಗೆಯಲು ಅನುಮಾನಿಸಿದ.

“ನಿಮಗೆ ಇನ್ಮೇಲೆ ಇದೆಲ್ಲ ಬೇಡ ಬಿಡಿ ಮೇಸ್ತ್ರಿ. ಕಲ್ಲಲ್ಲೇ ಬರೆದಿದೆಯಂತಲ್ಲ.”

“ಕೇಳು.”

“ಎಲ್ಲಿಂದ ಬಂದ್ರಿ?”

“ಬೂದಿಕೋಟೆ.”

ಗುಮಾಸ್ತ ಹಿಂದಿನ ಹಾಳೆ ತಿರುವಿ ನೋಡಿದ. “ಎರಡು ವರ್ಷದಿಂದ ಬೇರೆ ಊರು ಹೇಳ್ತಾ ಇದ್ದೀರಿ. ನಿಮ್ಮೂರು ಬೂದಿಕೋಟೆ ಅಲ್ವಲ್ಲ?”

ಮೇಸ್ತ್ರಿಯ ಕೈ ನನ್ನ ಭುಜದ ಮೇಲೆ ಬಿಗಿಯಾಯಿತು. ಗುಮಾಸ್ತ ನನ್ನ ಮುಖ ನೋಡಿದ.

“ಬರ್ಕೊಳ್ಳಿ,” ಎಂದೆ. “ಬೂದಿಕೋಟೆಯೇ.”